ರಾಜೂರಿನ ರಾಜೇಶ್ವರಿಯ ಅಭಿಪ್ರಾಯ

ರಾಜೂರಿನಲ್ಲಿ ಜಂಪರ್ ಹೊಲಿಸಬೇಕೆಂದರೆ ರಾಜೇಶ್ವರಿಯ ಕೈಯಲ್ಲೇ ಹೊಲಿಸಬೇಕು. ತೋಳು ಹಿಡಿಯುವುದಿಲ್ಲ, ಕೊರಳು ಬಾಯಿ ಬಿಡುವುದಿಲ್ಲ, ಹೇಳಿದ ದಿನಕ್ಕೆ ತಪ್ಪದೆ ಸಿಗುತ್ತದೆ. ಆದರೂ ಊರಿನ ಹೆಂಗಸರು ಆಕೆಯ ಮನೆಗೆ ಹೋಗುತ್ತಿರಲಿಲ್ಲ. ಅಳತೆಗೆ ಒಂದು ಹಳೆಯ ಜಂಪರನ್ನೂ ಹೊಸ ಖಣದ ಬಟ್ಟೆಯನ್ನೂ ಚೀಲಕ್ಕೆ ಹಾಕಿ, ಆ ಓಣಿಯ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ತಂದವರು ಚೀಲವನ್ನು ಹೊಸ್ತಿಲ ಮೇಲಿಟ್ಟು, "ಸೋಮವಾರಕ್ಕ ಬೇಕಂತ್ರಿ" ಎಂದು ಹೇಳಿ ನಡೆದುಬಿಡುತ್ತಿದ್ದರು. ಕುಂದರ್ರಿ ಎಂದರೆ ಕೂರುತ್ತಿರಲಿಲ್ಲ. ಚಹಾ ಎಂದರೆ, "ಈಗರ ಕುಡದ ಬಂದೇನ್ರಿ" ಎನ್ನುತ್ತಿದ್ದರು.

ಇದಕ್ಕೆಲ್ಲ ಮೂಲ ಆಕೆಯ ಗಂಡ ಗುರುಪಾದ. ಅವನು ಕೆಟ್ಟವನಾಗಿರಲಿಲ್ಲ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಹೆಚ್ಚು ಮಾತೂ ಆಡುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ, ಗೋದಿಗೆ ನೀರು ಬೇಕಾದ ಹೊತ್ತಿನಲ್ಲೇ, ಬಾವಿಯ ಮೋಟರ್ ಸುಟ್ಟುಹೋಯಿತು. ಗುರುಪಾದ ಅದನ್ನು ಬಸ್ಸಿಗೆ ಹೇರಿಕೊಂಡು ರೋಣಕ್ಕೆ ಹೋದ. ವೈಂಡಿಂಗ್ ಅಂಗಡಿಯಲ್ಲಿ ಮೋಟರ್ ಇಳಿಸಿ, "ಸಂಜಿಗೆ ಬಂದ ಒಯ್ತೇನಿ" ಎಂದು ಹೇಳಿದ. ಸಂಜೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಅವನ ಅಣ್ಣ ಗುರುಸಂಗಪ್ಪ ಪೊಲೀಸರಿಗೆ ದೂರು ಕೊಟ್ಟ.

ತಿಂಗಳಾಯಿತು, ಸುಳಿವಿಲ್ಲ. ಆಗ ಊರಲ್ಲಿ ಯಾರೋ ಒಂದು ಮಾತು ಬಿಟ್ಟರು: ಅವನು ರೋಣದಿಂದ ತಿರುಗಿ ಬಂದಿದ್ದ, ಬಂದದ್ದನ್ನು ಕಂಡವರಿದ್ದಾರೆ, ರಾಜೇಶ್ವರಿಯ ಹಿತ್ತಲ ತಿಪ್ಪೆಯಲ್ಲಿ ಹೊಸ ಮಣ್ಣು ಬಿದ್ದಿದೆ. ಆಕೆಯ ಅತ್ತೆಯೇ ಎದೆ ಬಡಿದುಕೊಂಡು, "ಸೊಸಿನ ಏನರ ಮಾಡ್ಯಾಳ" ಎಂದು ಊರ ಅಗಸಿ ಬಾಗಿಲಲ್ಲಿ ನಿಂತು ಅತ್ತಳು. ಪೊಲೀಸರು ಆಳುಗಳನ್ನು ಕರೆದುಕೊಂಡು ಬಂದು ತಿಪ್ಪೆ ಅಗೆಸಿದರು. ಊರಿನ ಮಂದಿ ಗೋಡೆಯ ಮೇಲೆ, ಬಣವೆಯ ಮೇಲೆ ಹತ್ತಿ ನೋಡಿದರು. ಆಳೆತ್ತರ ಅಗೆದಾಗ ಸಿಕ್ಕಿದ್ದು ಬಳೆಚೂರು, ಒಂಟಿ ಚಪ್ಪಲಿ, ತುಕ್ಕು ಹಿಡಿದ ಕುಡುಗೋಲು. ಪೊಲೀಸರು ಹೊರಟುಹೋದರು. ಗುಂಡಿಯನ್ನು ಮುಚ್ಚಲು ಯಾರೂ ಬರಲಿಲ್ಲ. ಇಪ್ಪತ್ತೇಳು ವರ್ಷದ ರಾಜೇಶ್ವರಿ ಎರಡು ದಿನ ಬುಟ್ಟಿಯಲ್ಲಿ ಮಣ್ಣು ಹೊತ್ತು ತಾನೇ ಮುಚ್ಚಿದಳು.

ಏನೂ ಸಿಗಲಿಲ್ಲ ಎಂಬುದು ಊರಿಗೆ ಸಾಕಾಗಲಿಲ್ಲ. ಸಿಗದ ಹಾಗೆ ಮಾಡಿದ್ದಾಳೆ ಎಂದರು. ನರಗುಂದದ ಕಡೆಯ ತವರಿನವರು, "ಬಂದಬಿಡ ಇಲ್ಲಿಗೆ" ಎಂದು ಕರೆದರು. ರಾಜೇಶ್ವರಿ ಹೋಗಲಿಲ್ಲ. ಈಗ ಊರು ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ಖೋಲಿಯ ಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಉಳಿದುಬಿಟ್ಟಳು. ತವರಿನ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಕರೆಯುವವರೂ ಇಲ್ಲವಾದರು.

ಪುಸ್ತಕದ ಚಟ ಹತ್ತಿದ್ದು ಪಂಚಾಯತಿ ಗ್ರಂಥಾಲಯದಿಂದ. ಅದನ್ನು ನೋಡಿಕೊಳ್ಳುವ ದೇವಪ್ಪ ಸ್ವಲ್ಪ ಕುಂಟುತ್ತಿದ್ದ, ಊರಿನ ಮಾತಿಗೆ ಕಿವಿಗೊಡದ ಮನುಷ್ಯ. ಒಮ್ಮೆ ಅಂಗಿಗೆ ಗುಂಡಿ ಹಚ್ಚಿಸಲು ತಾನೇ ಬಂದವನು, ಆಕೆ ದಾರದ ಉಂಡೆ ಸುತ್ತಿಬಂದ ಹಳೆಯ ಪತ್ರಿಕೆಯ ಹಾಳೆಯನ್ನು ಓದುತ್ತಿದ್ದುದನ್ನು ಕಂಡ.

"ಓದಾಕ ಆಸೆ ಐತೇನ್ರೀ ಅಕ್ಕಾರ? ನಮ್ಮಲ್ಲಿ ಕಪಾಟ ತುಂಬ ಪತ್ತೇದಾರಿ ಕಾದಂಬರಿ ಬಿದ್ದಾವ. ಇಲಿ ಓದಾಕತ್ತಾವ, ನೀವರ ಓದ್ರಿ."

ಅಂದಿನಿಂದ ವಾರಕ್ಕೆ ಎರಡು ಪುಸ್ತಕ. ಮಧ್ಯಾಹ್ನ ಊಟವಾದ ಮೇಲೆ ಯಂತ್ರದ ಮುಂದೆಯೇ ಕುಳಿತು, ಕಾಲನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು ಓದುತ್ತಿದ್ದಳು. ಮೊದಮೊದಲು ಓದಿದ್ದು ಕಲಿಯಲಿಕ್ಕೆ. ಕಳೆದುಹೋದ ಮನುಷ್ಯನನ್ನು ಹುಡುಕುವುದು ಹೇಗೆ, ಯಾರನ್ನು ಕೇಳಬೇಕು, ಏನನ್ನು ನೋಡಬೇಕು ಎಂಬುದನ್ನು ಆ ಪುಸ್ತಕಗಳಿಂದ ತಿಳಿದುಕೊಂಡು, ಒಂದು ದಿನ ಧೈರ್ಯ ಮಾಡಿ ರೋಣಕ್ಕೆ ಹೋದಳು ಕೂಡ. ವೈಂಡಿಂಗ್ ಅಂಗಡಿಯವನನ್ನು ಕೇಳಿದಳು, ಬಸ್ ನಿಲ್ದಾಣದ ಚಹಾ ಅಂಗಡಿಯವನನ್ನು ಕೇಳಿದಳು. "ಆರೇಳ ವರ್ಷದ ಹಿಂದಿನ ಗಿರಾಕಿ ಮಾರಿ ಯಾರಿಗೆ ನೆನಪ ಇರ್ತದವ್ವಾ" ಎಂದ ಚಹಾದವನು. ಕಾದಂಬರಿಗಳಲ್ಲಾದರೆ ಚಹಾದವನಿಗೆ ಗಿರಾಕಿಯ ಬೂಟಿನ ಬಣ್ಣವೂ ನೆನಪಿರುತ್ತದೆ. ರಾಜೇಶ್ವರಿ ತಿರುಗಿ ಬಂದಳು. ಮತ್ತೆ ಹುಡುಕಲು ಹೋಗಲಿಲ್ಲ. ಓದುವುದನ್ನು ಮಾತ್ರ ಬಿಡಲಿಲ್ಲ.

ಗ್ರಂಥಾಲಯದಲ್ಲಿ ಓದುಗರ ಅಭಿಪ್ರಾಯಕ್ಕೆಂದು ಒಂದು ರೂಲು ಹಾಕಿದ ವಹಿ ಇತ್ತು. ಅದರಲ್ಲಿ ಬರೆಯುವವರು ಯಾರೂ ಇರಲಿಲ್ಲ. ದೇವಪ್ಪನ ಒತ್ತಾಯಕ್ಕೆ ರಾಜೇಶ್ವರಿ ಬರೆಯತೊಡಗಿದಳು. ಹತ್ತನೇ ಇಯತ್ತೆಯವರೆಗೆ ಓದಿದ ದುಂಡು ಅಕ್ಷರ. ಮಾತು ಮಾತ್ರ ಕತ್ತರಿಯ ಹಾಗೆ. "ಕೊಲೆಗಾರ ಎಡಗೈಯವನು ಎಂದು ನಲವತ್ತನೇ ಪುಟದಲ್ಲೇ ನಮಗೆ ತಿಳಿಯುತ್ತದೆ. ಮುಂದಿನ ನೂರು ಪುಟ ಪತ್ತೇದಾರನೊಬ್ಬನಿಗೇ ತಿಳಿದಿಲ್ಲ" ಎಂದು ಒಂದರ ಬಗ್ಗೆ ಬರೆದಳು. ಇನ್ನೊಂದರ ಬಗ್ಗೆ: "ಲೇಖಕರಿಗೆ ಹೊಲಿಗೆ ಗೊತ್ತಿಲ್ಲ. ಹೆಣದ ಕೈಯಲ್ಲಿದ್ದ ನೀಲಿ ದಾರದಿಂದ ಕೊಲೆಗಾರನನ್ನು ಹಿಡಿದಿದ್ದಾರೆ. ಆ ದಾರ ಗಜೇಂದ್ರಗಡದ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ." ದೇವಪ್ಪ ಅದನ್ನು ಓದಿ ಒಬ್ಬನೇ ನಗುತ್ತಿದ್ದ. ಆಕೆ ಬರೆದುದನ್ನು ಓದುತ್ತಿದ್ದವನು ಊರಿಗೆಲ್ಲ ಅವನೊಬ್ಬನೇ.

ಹೀಗೇ ವರ್ಷಗಳು ಉರುಳಿದವು. ಆಕೆಯ ತಲೆ ಅರ್ಧ ಬೆಳ್ಳಗಾಯಿತು. ತಿಪ್ಪೆ ಅಗೆದದ್ದನ್ನು ಕಣ್ಣಾರೆ ಕಾಣದ ಹೊಸ ಸೊಸೆಯಂದಿರೂ ಚೀಲ ಕಳಿಸುವುದನ್ನೇ ಕಲಿತರು.

ಎರಡು ಸಾವಿರದ ಇಪ್ಪತ್ತಮೂರರ ನವೆಂಬರಿನಲ್ಲಿ ಗ್ರಂಥಾಲಯ ಸಪ್ತಾಹ ಬಂತು. ರೋಣದಲ್ಲಿ ಒಂದು ಓದುಗರ ಕೂಟ ಇಟ್ಟರು. ವಿಷಯ: ಪತ್ತೇದಾರಿ ಕಾದಂಬರಿಗಳ ಬಗ್ಗೆ ಓದುಗರು ಏನನ್ನುತ್ತಾರೆ. ಊರಿಗೊಬ್ಬರಂತೆ ಓದುಗರನ್ನು ಕಳಿಸಿ ಎಂದು ಹೇಳಿ ಕಳಿಸಿದ್ದರು. ದೇವಪ್ಪ ಆಕೆಯನ್ನು ಕೇಳದೆಯೇ ಹೆಸರು ಕೊಟ್ಟುಬಂದ.

"ನಾ ಏನ್ ಮಾತಾಡ್ಲೋ ದೇವಪ್ಪಾ? ಮಂದ್ಯಾಗ ನಿಂತು ಮಾತಾಡಿ ನನಗ ರೂಢಿ ಇಲ್ಲ."

"ಬರಿಯೂ ರೂಢಿ ಐತೆಲ್ರಿ. ಬರದದ್ದನ್ನ ಓದಿ ಬರ್ರಿ. ಬಸ್ ಚಾರ್ಜ್ ಸೈತ ಇಲ್ಲ ಈಗ ಹೆಣ್ಮಕ್ಕಳಿಗೆ."

ಹೋದಳು. ಮೂವತ್ತು ಕುರ್ಚಿ ಹಾಕಿದ್ದ ಕೋಣೆಯಲ್ಲಿ ಹದಿನಾಲ್ಕು ಜನ ಇದ್ದರು. ರಾಜೇಶ್ವರಿ ಕೊನೆಯ ಸಾಲಿನ ಮೂಲೆ ಹಿಡಿದಳು. ಪಕ್ಕದ ಕುರ್ಚಿಗಳು ಖಾಲಿ ಇದ್ದವು. ಅದು ಆಕೆಗೆ ಒಗ್ಗಿದ ಸಂಗತಿಯೇ.

ಮೊದಲು ಮಾತಾಡಿದವರು ಕಾಲೇಜಿನಲ್ಲಿ ಕನ್ನಡ ಕಲಿಸುವ ಮಾಲತೇಶ ಮಾಸ್ತರರು. ಸಾಹಿತ್ಯ ಬೇರೆ, ಹೊತ್ತು ಕಳೆಯುವ ಓದು ಬೇರೆ, ಪತ್ತೇದಾರಿ ಕಾದಂಬರಿ ಎರಡನೆಯದು, ಪುಸ್ತಕ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ ಎಂದರು. ಅವರು ಕೂತದ್ದೇ ತಡ, ರೋಣದ ಕಿರಾಣಿ ವ್ಯಾಪಾರಿಗಳ ಮನೆಯ ಪುಷ್ಪಾವತಿ ಎಂಬಾಕೆ ಎದ್ದು ನಿಂತಳು.

"ಉಳಿಯೂದ ಬ್ಯಾಡ್ರಿ ಸರ. ಉಳಿದದ್ದ ಭಾಳ ಐತಿ ತಲ್ಯಾಗ. ಕುಕ್ಕರ್ ಎಷ್ಟ ಸೀಟಿ ಹೊಡೀತು ಅನ್ನೂದ ಮರೀಬೇಕು, ಹಂಗಿರಬೇಕು ಪುಸ್ತಕ. ನಮ್ಮನ್ಯಾಗ ಅನ್ನ ಹೊತ್ತಿತಂದ್ರ ಎಲ್ಲಾರೂ ಕೇಳ್ತಾರ, ಇವತ್ತ ಯಾರು ಸತ್ರು ಅಂತ."

ಎಲ್ಲರೂ ನಕ್ಕರು. ರಾಜೇಶ್ವರಿಯೂ ಸೆರಗಿನ ಮರೆಯಲ್ಲಿ ನಕ್ಕಳು.

ಆಮೇಲೆ ಎದ್ದವರು ನರಗುಂದದಿಂದ ಬಂದಿದ್ದ ಕಾಶೀಂಸಾಬ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. "ನಾನೂ ಓದ್ತೇನ್ರಿ, ಬಿಟ್ಟಿಲ್ಲ," ಎಂದರು. "ಆದ್ರ ಒಂದ ತಕರಾರ ಐತಿ. ಪುಸ್ತಕದಾಗ ಎಲ್ಲಾದಕ್ಕೂ ಕಾರಣ ಇರ್ತದ. ಆಸ್ತಿ, ಹೆಣ್ಣು, ಹಳೇ ದ್ವೇಷ. ಮೂವತ್ಮೂರು ವರ್ಷ ನೌಕರಿ ಮಾಡೇನಿ, ಅರ್ಧಕ್ಕರ್ಧ ಕೇಸಿನಾಗ ಮನಷ್ಯಾ ಯಾಕ ಹಂಗ ಮಾಡಿದ ಅಂತ ಅವಗ ಗೊತ್ತಿರಲಿಲ್ಲ. ಅದನ್ನ ಯಾರೂ ಬರಿಯಂಗಿಲ್ಲ."

ರಾಜೇಶ್ವರಿಯ ಸರದಿ ಬಂತು. ಆಕೆ ವಹಿಯಿಂದ ನಕಲು ಮಾಡಿ ತಂದಿದ್ದ ಹಾಳೆಯನ್ನು ಬಿಚ್ಚಿದಳು. ಮೊದಲ ಸಾಲಿನ ಮೇಲೆ ಕಣ್ಣಾಡಿಸಿದಳು. ಹಾಳೆಯನ್ನು ಮಡಿಸಿ ಬಾಯಿಂದಲೇ ಹೇಳಿದಳು.

"ನಾ ರಾಜೂರಿನಾಕಿರಿ. ಹದಿನೇಳ ವರ್ಷದಿಂದ ಇವನ್ನ ಓದಾಕತ್ತೇನಿ. ನಂದೊಂದ ಪ್ರಶ್ನೆ ಐತಿ. ಎಲ್ಲಾ ಕಾದಂಬರಿ ಒಳಗೂ ಮೂರನೇ ಅಧ್ಯಾಯಕ್ಕ ಒಬ್ಬರ ಮ್ಯಾಲೆ ಅನುಮಾನ ಬರ್ತದ. ಹೆಂಡತಿನೋ, ಅಡಗಿಯಾಕಿನೋ. ಪೊಲೀಸರು ಬರ್ತಾರ, ಮನಿ ಹುಡುಕ್ತಾರ, ಓಣಿ ಮಂದಿ ಎಲ್ಲಾ ನಿಂತು ನೋಡ್ತಾರ. ಹತ್ತನೇ ಅಧ್ಯಾಯಕ್ಕ ಆಕಿ ಅಲ್ಲ ಅಂತ ಗೊತ್ತಾಗ್ತದ. ಅಲ್ಲಿಗೆ ಲೇಖಕರು ಆಕಿನ ಕೈಬಿಡ್ತಾರ. ಆಕಿ ಮನಿಗೆ ಹೋದಳೇನು? ಬಾಜೂದವರು ಮಾತಾಡ್ಸಿದ್ರೇನು? ನೀರಿಗೆ ಹ್ವಾದ್ರ ಕೊಡ ಇಡಾಕ ಜಾಗಾ ಬಿಟ್ರೇನು? ಒಂದು ಪುಸ್ತಕದಾಗರ ಬರದಾರೇನಂತ ನಾ ಹುಡುಕಾಕತ್ತೇನಿ. ಇನ್ನೂ ಸಿಕ್ಕಿಲ್ಲ."

ಪುಷ್ಪಾವತಿ ತಿರುಗಿ ಆಕೆಯನ್ನೇ ನೋಡುತ್ತ, "ಖರೇ ನೋಡ್ರಿ. ನಾ ಆಕಿ ಬಗ್ಗೆ ಒಮ್ಮಿನೂ ವಿಚಾರ ಮಾಡಿಲ್ಲ" ಎಂದಳು.

ಮಾಲತೇಶ ಮಾಸ್ತರರು ಕನ್ನಡಕ ತೆಗೆದು, "ಅದಕ್ಕ ಅಲ್ಲಿ ಜಾಗ ಇರೂದಿಲ್ರಿ. ಕಥಿ ಮುಂದ ಹೋಗಬೇಕಲ್ಲ," ಎಂದರು.

"ಜಾಗ ಇಲ್ಲಂದ್ರ ಆಕಿನ ಯಾಕ ತರಬೇಕ್ರಿ ಸರ?" ಎಂದು ಕೇಳಿ ರಾಜೇಶ್ವರಿ ಕೂತುಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಅಷ್ಟು ಜನರೆದುರು ಆಕೆ ಅಷ್ಟು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

ಉಪ್ಪಿಟ್ಟಿನ ತಟ್ಟೆ ಹಿಡಿದು ಆಕೆ ಕಿಟಕಿಯ ಹತ್ತಿರ ನಿಂತಿದ್ದಾಗ ಕಾಶೀಂಸಾಬರು ಬಂದರು. ಹತ್ತಿರ ನಿಂತು ಕೇಳಿದರು.

"ರಾಜೂರಾಗ ಯಾರ ಪೈಕಿ ಆತ್ರಿ ತಂಗಿ?"

"ಗುರುಪಾದ ಅಂತ. ಅವರ ಹೆಂಡ್ತಿರಿ."

ಅವರು ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಮೋಟರ್ ಇಟ್ಟು ಹ್ವಾದ ಗುರುಪಾದ ಏನು?"

"ಹೌದ್ರಿ. ನೀವು ತಿಪ್ಪಿ ಅಗಸಾಕ ಬಂದಿದ್ರೇನು?"

"ಆವತ್ತ ನಾ ಇರಲಿಲ್ಲ. ಆದ್ರ ಇಚಲಕರಂಜಿಗೆ ಹ್ವಾದವರ ಪೈಕಿ ನಾನೂ ಒಬ್ಬ." ಆಕೆಯ ಮುಖ ನೋಡಿ ಅವರ ದನಿ ತಗ್ಗಿತು. "ತಂಗಿ... ನಿಮಗ ಗೊತ್ತದ ಅಲ್ರಿ?"

"ಏನ್ರಿ?"

ಅವರು ಎರಡು ಕುರ್ಚಿ ಎಳೆದರು. ಒಂದರಲ್ಲಿ ಆಕೆಯನ್ನು ಕೂರಿಸಿದರು. ಹೇಳಬೇಕೋ ಬೇಡವೋ ಎಂಬುದನ್ನು ಆ ಹೊತ್ತಿನಲ್ಲಿ ಲೆಕ್ಕ ಹಾಕಿರಬೇಕು. ಆದರೆ ಮಾತು ಆಗಲೇ ಅರ್ಧ ಹೊರಬಿದ್ದಿತ್ತು.

ಎರಡು ಸಾವಿರದ ಮೂರರಲ್ಲಿ ರೋಣದ ಕಡೆಯವನೊಬ್ಬ ಗುರುಪಾದನನ್ನು ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಕಾರ್ಖಾನೆಯೊಂದರಲ್ಲಿ ನೋಡಿದ್ದ. ಸುದ್ದಿ ತಿಳಿದು ಠಾಣೆಯ ಸಾಹೇಬರ ಜೊತೆ ಕಾಶೀಂಸಾಬರೂ ಹೋದರು. ಅವನೇ. ಗಡ್ಡ ಬಿಟ್ಟಿದ್ದ, ನೂಲಿನ ಧೂಳು ಮೈತುಂಬ. ಓಡಲಿಲ್ಲ, ಅಡಗಲಿಲ್ಲ. ತನ್ನ ಇಚ್ಛೆಯಿಂದಲೇ ಬಂದಿದ್ದೇನೆ, ಯಾರೂ ಕಾರಣರಲ್ಲ, ಮನೆಗೆ ಬರುವುದಿಲ್ಲ, ವಿಳಾಸ ಹೇಳಬೇಡಿ ಎಂದು ಬರೆದುಕೊಟ್ಟ. ವಯಸ್ಸಿಗೆ ಬಂದ ಗಂಡಸು, ಬರುವುದಿಲ್ಲ ಎಂದರೆ ಎಳೆದು ತರಲಾಗುವುದಿಲ್ಲ. ದೂರು ಕೊಟ್ಟವನು ಗುರುಸಂಗಪ್ಪ; ಅವನನ್ನು ಕರೆಸಿ, ನಿನ್ನ ತಮ್ಮ ಜೀವಂತ ಇದ್ದಾನೆ ಎಂದು ತಿಳಿಸಿ, ಸಹಿ ಮಾಡಿಸಿಕೊಂಡು ಪ್ರಕರಣ ಮುಗಿಸಿದರು.

"ಮನಿ ಮಂದಿಗೆಲ್ಲಾ ಹೇಳ್ತೇನಿ ಅಂದನ್ರಿ ಅವ. ಹೇಳಿರ್ತಾನ ಅಂತ ನಾವು..."

ರಾಜೇಶ್ವರಿ ಉಪ್ಪಿಟ್ಟಿನ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನೇ ಬೆರಳಿನಿಂದ ಸವರುತ್ತಿದ್ದಳು. ಆಮೇಲೆ ಕೇಳಿದಳು.

"ಯಾಕ ಹ್ವಾದೆ ಅಂತ ಕೇಳಿದ್ರೇನ್ರಿ?"

"ಕೇಳಿದೆ ತಂಗಿ. ನಾಕ ಸಲ ಕೇಳಿದೆ. ಮೋಟರ್ ಇಟ್ಟೆ, ಚಹಾ ಕುಡದೆ, ಹುಬ್ಬಳ್ಳಿ ಬಸ್ ನಿಂತಿತ್ತು, ಹತ್ತಿದೆ ಅಂದ. ಅಷ್ಟ. ಮತ್ತೇನೂ ಅನಲಿಲ್ಲ."

"ಅವರು ನನ್ನ ಹೆಸರ ತಗದ್ರೇನ್ರಿ?"

ಸುಳ್ಳು ಹೇಳಬಹುದಿತ್ತು. ಕಾಶೀಂಸಾಬರು ಹೇಳಲಿಲ್ಲ. "ಮನ್ಯಾಕಿಗೆ ಏನರ ಹೇಳೂದ ಐತೇನಪಾ ಅಂದೆ. ಸುಮ್ಮನ ಕುಂತ."

ಆ ದಿನ ಬಸ್ಸಿನಲ್ಲಿ ರಾಜೂರಿನವರೆಗೆ ಆಕೆ ಕಿಟಕಿಯಾಚೆ ನೋಡುತ್ತಲೇ ಬಂದಳು. ಕಪ್ಪು ಹೊಲಗಳಲ್ಲಿ ಕಡಲೆ ಗೇಣುದ್ದ ಎದ್ದಿತ್ತು. ಅಳು ಬರಬಹುದು ಎಂದು ಕಾಯುತ್ತಿದ್ದಳು, ಬರಲಿಲ್ಲ. ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು: ಇಪ್ಪತ್ತು ವರ್ಷ. ಇಪ್ಪತ್ತು ವರ್ಷದಿಂದ ಇದೇ ಊರಿನಲ್ಲಿ, ಎರಡು ಓಣಿ ಆಚೆ, ಒಬ್ಬನಿಗೆ ಗೊತ್ತಿತ್ತು.

ಆಕೆ ಕೂಡಲೇ ಜಗಳಕ್ಕೆ ಹೋಗಲಿಲ್ಲ. ಅಷ್ಟು ಪುಸ್ತಕ ಓದಿದವಳಿಗೆ ಬಾಯಿಮಾತಿನ ಬೆಲೆ ಎಷ್ಟೆಂದು ತಿಳಿದಿತ್ತು. ಕಾಶೀಂಸಾಬರು ಬರೆದುಕೊಟ್ಟ ಅರ್ಜಿಯನ್ನು ಠಾಣೆಗೆ ಕೊಟ್ಟು ಬಂದಳು. ಎರಡು ಸಲ ಅಲೆದಳು. ಡಿಸೆಂಬರಿನ ನಡುವೆ ಪ್ರಕರಣದ ಕಾಗದಗಳ ನಕಲು ಕೈಗೆ ಬಂತು. ಗುರುಪಾದನ ಹೇಳಿಕೆ ಆರು ಸಾಲಿನದು. ಕೆಳಗೆ ಅವನ ಸಹಿ. 'ಗು' ಅಕ್ಷರದ ಕೊಂಬನ್ನು ಉದ್ದ ಎಳೆಯುವ ಅದೇ ಕೈ. ಆಕೆ ಬೆರಳಿಟ್ಟು ನೋಡಿದಳು. ಇನ್ನೊಂದು ಹಾಳೆಯಲ್ಲಿ ಗುರುಸಂಗಪ್ಪನ ಸಹಿ.

ಗುರುಸಂಗಪ್ಪ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಎಪ್ಪತ್ತರ ಹತ್ತಿರದ ಮನುಷ್ಯ, ಊರಿನ ಪಂಚರಲ್ಲಿ ಒಬ್ಬ. ಅವನ ಹೆಂಡತಿ ಗೌರವ್ವ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ರಾಜೇಶ್ವರಿ ಆ ಅಂಗಳ ತುಳಿದು ಇಪ್ಪತ್ತೆರಡು ವರ್ಷವಾಗಿತ್ತು. ಗೌರವ್ವನ ಕೈ ನಿಂತಿತು.

"ಭಾವಾರ, ಈ ಸಹಿ ನಿಮ್ಮದು ಹೌದಲ್ರಿ?"

ಅವನು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. ಹಗ್ಗ ಕೈಯಿಂದ ಜಾರಿ ಬಿಚ್ಚಿಕೊಂಡಿತು. ಇಲ್ಲ ಎನ್ನಲಿಲ್ಲ.

"ಅವ್ವ ಬ್ಯಾಡಂದ್ಲು ರಾಜವ್ವಾ," ಎಂದ. "ಮಗಾ ಮನಿ ಬಿಟ್ಟು ಓಡಿಹ್ವಾದ ಅಂದ್ರ ನಾಕ ಮಂದ್ಯಾಗ ಮಾರಿ ಎತ್ತಾಕ ಆಗಂಗಿಲ್ಲ ಅಂದ್ಲು. ನಾಳೆ ಅವನ ಬರ್ತಾನ, ಬಂದ್ರ ಎಲ್ಲಾ ಸರಿ ಆಗ್ತದ ಅಂದ್ಲು. ಆಕಿ ಸತ್ತ ಮ್ಯಾಲೆ ಹೇಳಬೇಕಂತ ಮಾಡಿದ್ದೆ. ಆಗಲೇ ಏಳ ವರ್ಷ ಆಗಿತ್ತು. ಏಳ ವರ್ಷ ಯಾಕ ಸುಮ್ಮನಿದ್ದಿ ಅಂದ್ರ ಏನ್ ಹೇಳ್ಲಿ? ಹಂಗ ಮುಂದ ಹೋತು."

"ಮಗಾ ಓಡಿಹ್ವಾದ ಅನ್ನೂದಕಿಂತ ಸೊಸಿ ಕೊಂದ್ಲು ಅನ್ನೂದು ಮರ್ಯಾದಿ ಆತೇನ್ರಿ?"

ಉತ್ತರ ಕೊಟ್ಟವಳು ಗೌರವ್ವ, ಕೊಟ್ಟಿದ್ದು ಗಂಡನಿಗೆ. ಮೊರವನ್ನು ಕೆಳಗಿಟ್ಟು, "ನನಗೂ ಹೇಳಲಿಲ್ಲಲ್ಲಾ ನೀವು," ಎಂದಳು. "ಆಕಿ ಹೊಸ್ತಿಲಾ ತುಳದೀರಿ ಜ್ವಾಕಿ ಅಂತ ನನ್ನ ಹೆಣ್ಮಕ್ಕಳಿಗೆ ನಾ ಬೈದ ಬೆಳಸೇನಿ. ಆಕಿ ಕಂಡ್ರ ದಾರಿ ಬಿಟ್ಟ ನಡದೇನಿ. ಒಂದ ಹಾಸಿಗಿ ಮ್ಯಾಲ ಮಲಗಿ ನನಗೂ ಹೇಳಲಿಲ್ಲಲ್ಲಾ." ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ರಾಜೇಶ್ವರಿಯ ಕಡೆ ಕೈ ಚಾಚಲು ಹೋಗಿ, ಅರ್ಧಕ್ಕೇ ಹಿಂದೆ ತೆಗೆದುಕೊಂಡಳು.

ರಾಜೇಶ್ವರಿ ಹಾಳೆಗಳನ್ನು ಮಡಿಸಿ ಮನೆಗೆ ಬಂದಳು. ಊರಿಗೆ ಹೇಳುವ ಕೆಲಸ ಆಕೆಗೆ ಬೀಳಲಿಲ್ಲ. ಗೌರವ್ವನೇ ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಗಂಡನ ಮಾನ ನೋಡದೆ ಹೇಳಿದಳು. ಮೂರು ದಿನಕ್ಕೆ ರಾಜೂರಿಗೆಲ್ಲ ಗೊತ್ತಾಯಿತು.

ಮೊದಲು ಬಂದವಳು ಎದುರು ಮನೆಯ ಸಕ್ಕೂಬಾಯಿ. ಚೀಲ ಕಳಿಸದೆ ತಾನೇ ಬಂದು, "ಅಳತಿ ತಗೋ, ಮೈ ಬಂದೈತಿ ಈಗ" ಎಂದು ಎರಡೂ ತೋಳು ಅಗಲಿಸಿ ನಿಂತಳು. ರಾಜೇಶ್ವರಿ ಟೇಪು ಹಿಡಿದಳು. ಬೇರೊಬ್ಬ ಹೆಂಗಸಿನ ಮೈಯ ಬಿಸಿ ಅಷ್ಟು ಹತ್ತಿರದಿಂದ ತಾಗದೆ ಎಷ್ಟೋ ಕಾಲವಾಗಿತ್ತು. ಟೇಪಿನ ಅಂಕಿ ಎರಡು ಸಲ ತಪ್ಪಿ ಓದಿದಳು. ಸಕ್ಕೂಬಾಯಿ ಗ್ಯಾಸ್ ಸಿಲಿಂಡರ್ ತಡವಾಗಿ ಬಂದದ್ದನ್ನು ಹೇಳಿದಳು, ಮಗನ ಮಂಡಿನೋವು ಹೇಳಿದಳು, ತಾನೇ ಚಹಾ ಕೇಳಿ ಕುಡಿದಳು. ಆ ವಿಷಯ ಮಾತ್ರ ಎತ್ತಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಆತ ಬಿಡವಾ, ಮ್ಯಾಲೆ ಒಬ್ಬ ಅದಾನ" ಎಂದಳು.

ಆಮೇಲೆ ಉಳಿದವರು ಬಂದರು. ಒಬ್ಬರ ಹಿಂದೆ ಒಬ್ಬರು ಬಂದು ಕೂತು, ಚಹಾ ಕುಡಿದು, ಬೆಳೆಯ ಮಾತು ಸೊಸೆಯ ಮಾತು ಆಡಿ ಹೋದರು. ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ರಾಜೇಶ್ವರಿ ಕಾಯುತ್ತಿದ್ದದ್ದು ಅದೊಂದು ಮಾತಿಗೆ. ಬರಬರುತ್ತ ಆಕೆಗೆ ಅರ್ಥವಾಯಿತು: ಇವರು ಹೇಳದೆ ಇರುವುದು ಸೊಕ್ಕಿನಿಂದಲ್ಲ, ಇಪ್ಪತ್ತೆರಡು ವರ್ಷಕ್ಕೆ ಸಾಲುವಂಥ ಮಾತು ಇವರ ಹತ್ತಿರ ಇಲ್ಲ. ಪುಸ್ತಕ ಬರೆಯುವವರ ಹತ್ತಿರವೂ ಇರಲಿಕ್ಕಿಲ್ಲ. ಅದಕ್ಕೇ ಅವರು ಆ ಹೆಂಗಸನ್ನು ಹತ್ತನೇ ಅಧ್ಯಾಯದಲ್ಲಿ ಬಿಟ್ಟುಬಿಡುತ್ತಾರೆ.

ಜನ ಬಂದುಹೋದ ಮೇಲಿನ ಮನೆ ಮೊದಲಿಗಿಂತ ಖಾಲಿಯಾಗಿ ಕಾಣುತ್ತಿತ್ತು. ಇದನ್ನು ಆಕೆ ಎಣಿಸಿರಲಿಲ್ಲ. ಇಷ್ಟು ದಿನ ಊರು ದೂರವಿಟ್ಟಿದೆ, ಅದಕ್ಕೇ ಒಂಟಿ ಎಂದುಕೊಂಡಿದ್ದಳು. ಈಗ ಊರು ಹತ್ತಿರ ಬಂದಿತ್ತು, ಒಂಟಿತನ ಹಾಗೇ ಇತ್ತು. ಮೊದಲು ಗುರುಪಾದ ಸತ್ತಿರಬಹುದು ಎಂದು ಕೆಲವು ದಿನ, ಯಾರೋ ಹಿಡಿದಿಟ್ಟಿರಬಹುದು ಎಂದು ಕೆಲವು ದಿನ, ನೆನಪು ಹಾರಿ ಎಲ್ಲೋ ಅಲೆಯುತ್ತಿರಬಹುದು ಎಂದು ಇನ್ನು ಕೆಲವು ದಿನ ನಂಬಿದ್ದಳು. ಎಲ್ಲವೂ ಓದಿದ ಪುಸ್ತಕಗಳಿಂದ ಬಂದವು. ಅವುಗಳಲ್ಲಿ ಯಾವುದರಲ್ಲೂ ಅವನು ತನ್ನನ್ನು ಬೇಡವೆಂದಿರಲಿಲ್ಲ. ಈಗ ಉಳಿದದ್ದು ನಿಂತಿದ್ದ ಒಂದು ಬಸ್ಸು ಮಾತ್ರ.

ಒಂದು ಬೆಳಿಗ್ಗೆ ಕಾಶೀಂಸಾಬರು ಫೋನು ಮಾಡಿದರು. "ತಂಗಿ, ಆ ಕಡೆ ನನ್ನ ಗುರ್ತಿನವರು ಅದಾರ. ಈಗ ಎಲ್ಲಿ ಅದಾನ, ಹ್ಯಾಂಗದಾನ, ತಗಸಲೇನು?"

ರಾಜೇಶ್ವರಿ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ಬ್ಯಾಡ್ರಿ ಅಣ್ಣಾರ. ಸಿಕ್ರ ನಾ ಏನ್ ಕೇಳ್ಲಿ? ಮತ್ತ ಅದನ್ನ ಹೇಳ್ತಾರ, ಬಸ್ ನಿಂತಿತ್ತು ಅಂತ."

ಅವರು ಒತ್ತಾಯ ಮಾಡಲಿಲ್ಲ. ಆಮೇಲೂ ಆಗಾಗ ಫೋನು ಮಾಡುತ್ತಿದ್ದರು, ಪುಸ್ತಕದ ನೆಪದಲ್ಲಿ. "ನೋಡ್ರಿ ತಂಗಿ, ಬ್ಯಾಸಿಗ್ಯಾಗ ಮೂರ ದಿನ ಕಪಾಟಿನಾಗ ಹೆಣ ಇಟ್ಟಾರಂತ, ಬಾಜೂ ಖೋಲಿಯವಗ ವಾಸನಿ ಬಂದಿಲ್ಲಂತ! ಇವಂಗ ನಗಡಿ ಆಗಿತ್ತೇನು?" ಆಕೆ ನಗುತ್ತಿದ್ದಳು. ಫೋನು ಇಟ್ಟ ಮೇಲೆ ನಗು ಸ್ವಲ್ಪ ಹೊತ್ತು ಉಳಿಯುತ್ತಿತ್ತು.

ರೋಣದಿಂದ ಬಂದ ಮೇಲೆ ಎರಡು ತಿಂಗಳು ಆಕೆ ಓದಲಿಲ್ಲ. ಮೂರನೆಯ ತಿಂಗಳು ದೇವಪ್ಪ ಕೇಳದೆಯೇ ಎರಡು ಪುಸ್ತಕ ತಂದು ಯಂತ್ರದ ಮೇಲಿಟ್ಟು ಹೋದ. ಒಂದನ್ನು ತೆರೆದಳು. ಮೊದಲೆಲ್ಲ ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿಕೊಂಡು ಇಂಥವನು ಇಂಥದಕ್ಕೆ ಹೀಗೆ ಮಾಡಿದ ಎಂದು ಬಿಡಿಸಿ ಹೇಳುವ ಭಾಗ ಬಂದರೆ ಬೇಸರದಿಂದ ಹಾಳೆ ತಿರುವುತ್ತಿದ್ದಳು. ಈಗ ಅದನ್ನೇ ನಿಧಾನವಾಗಿ ಓದಿದಳು. ಸುಳ್ಳೆಂದು ಗೊತ್ತಿತ್ತು. ಆದರೂ, ಮಾಡಿದ ಪ್ರತಿಯೊಂದಕ್ಕೂ ಒಂದು ಕಾರಣ ಇರುವ ಜನರ ನಡುವೆ ಒಂದು ತಾಸು ಕುಳಿತು ಎದ್ದು ಬಂದರೆ ಮನಸ್ಸಿಗೆ ಹಗುರ ಎನ್ನಿಸುತ್ತಿತ್ತು.

ಫೆಬ್ರುವರಿಯ ಒಂದು ದಿನ ದಾರ ಮತ್ತು ಲೈನಿಂಗ್ ಬಟ್ಟೆ ತರಲು ಗಜೇಂದ್ರಗಡದ ಬಸ್ಸು ಹತ್ತಿದಳು. ಆಧಾರ್ ಕಾರ್ಡು ತೋರಿಸಿ ಚೀಟಿ ಪಡೆದು ಕೂತಳು. ಮುಂದಿನ ನಿಲುಗಡೆಯಲ್ಲಿ ಹತ್ತಿದ, ಹೊಲದಿಂದ ಬಂದಂತಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಳು. ಕಾಲ ಬಳಿ ಹಸಿ ಕಡಲೆ ಗಿಡದ ಹೊರೆ. ಬಸ್ಸಿನ ಮಾತು ಹೇಗಿರುತ್ತದೆಯೋ ಹಾಗೆ, ಯಾವೂರು, ಎಷ್ಟು ಮಕ್ಕಳು ಎಂದು ಕೇಳುತ್ತ, "ಯಜಮಾನ್ರು ಏನ್ ಮಾಡ್ತಾರ?" ಎಂದಳು.

"ಬಿಟ್ಟ ಹೋಗ್ಯಾರ" ಎಂದಳು ರಾಜೇಶ್ವರಿ.

ಆ ಮಾತನ್ನು ಆಕೆ ಹಿಂದೆಂದೂ ಆಡಿರಲಿಲ್ಲ. ಆಡಿದ ಮೇಲೆ ಬಸ್ಸು ಮೊದಲಿನ ಹಾಗೆಯೇ ಓಡುತ್ತಿತ್ತು.

"ಎಷ್ಟ ವರ್ಷಾತ್ರಿ?"

"ಇಪ್ಪತ್ಮೂರು."

ಆ ಹೆಂಗಸು ನಾಲಿಗೆಯಿಂದ ಲೊಚ್ಚೆಂದಳು. ತನ್ನ ನಿಲುಗಡೆ ಬಂದಾಗ ಹೊರೆಯಿಂದ ಒಂದು ಹಿಡಿ ಗಿಡ ಕಿತ್ತು ರಾಜೇಶ್ವರಿಯ ತೊಡೆಯ ಮೇಲಿಟ್ಟು, "ತಿನ್ರೆಕ್ಕಾ, ಎಳೇವು ಅದಾವ" ಎಂದು ಹೇಳಿ ಇಳಿದು, ಹಿಂದೆ ನೋಡದೆ ಹೊಲದ ದಾರಿ ಹಿಡಿದಳು.

ಬಸ್ಸು ಹೊರಟಿತು. ರಾಜೇಶ್ವರಿ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ತಿನ್ನತೊಡಗಿದಳು. ಸಿಪ್ಪೆಯ ಹುಳಿ ಬೆರಳಿಗೆ ಅಂಟಿತು. ಗಜೇಂದ್ರಗಡದ ಗುಡ್ಡ ಕಾಣುವವರೆಗೂ ಪಕ್ಕದಲ್ಲಿ ಬೇರೆ ಯಾರೂ ಬಂದು ಕೂರಲಿಲ್ಲ.